ಅಮೆರಿಕಕ್ಕೆ ಹೊರಟ ಅಪ್ಪ-ಅಮ್ಮ, ವೀಸಾ ಮತ್ತು ಆಸ್ಪತ್ರೆ: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಡೊಂಬಿವಲಿ ಪೂರ್ವದಲ್ಲಿದೆ. ಭಾರತದಿಂದ ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ನೆಲೆಸಲು ಸಿಗುವ ಪರವಾನಗಿ) ಮೇಲೆ ಅಮೆರಿಕಕ್ಕೆ ಹೋಗುವ ಬಹುತೇಕರ ಸಂದರ್ಶನ ನಡೆಯುವುದು ಮುಂಬೈಯಲ್ಲೇ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಅಮೆರಿಕನ್ ಕಾನ್ಸುಲೇಟಿನಲ್ಲಿ. ಹಾಗಾಗಿ ಹುಬ್ಬಳ್ಳಿ, ಗದಗ, ಶಿವಮೊಗ್ಗದ ಕಡೆಯ ನೆಂಟರು, ನೆಂಟರ ನೆಂಟರು ನಮ್ಮಲ್ಲಿ ಬಂದು ಇಳಿದುಕೊಳ್ಳುತ್ತಾರೆ. ರಾತ್ರಿ ಊಟ ಮುಗಿದ ಮೇಲೆ ಫೈಲು ಬಿಚ್ಚುತ್ತಾರೆ. ಪಾಸ್‌ಪೋರ್ಟು, ಮದುವೆ ಸರ್ಟಿಫಿಕೇಟು, ಮಗನ ಟ್ಯಾಕ್ಸ್ ಕಾಗದ, ಎಲ್ಲ ನೀಟಾಗಿ ಜೋಡಿಸಿರುತ್ತಾರೆ. "ಅಲ್ಲಿ ಹುಷಾರು ತಪ್ಪಿದರೆ ಏನು ಮಾಡ್ತೀರಿ?" ಎಂದು ಕೇಳಿದರೆ ಮಾತ್ರ ಗಂಡ-ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಮಗ ನೋಡ್ಕೋತಾನೆ" ಅನ್ನುತ್ತಾರೆ.

ಮಗ ನೋಡಿಕೊಳ್ಳುತ್ತಾನೆ, ನಿಜ. ಆದರೆ ಅಲ್ಲಿನ ಆಸ್ಪತ್ರೆ ಖರ್ಚನ್ನು ಮಗನ ಸಂಬಳ ಒಂದೇ ತಡೆಯುವುದಿಲ್ಲ. ನಾನು ಎರಡು ಬಾಣಂತನ ಮಾಡಿ ಬಂದವಳು. ಒಂದರಲ್ಲಿ ನಮ್ಮವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆಗ ಕಲಿತದ್ದು, ಆಮೇಲೆ ಓದಿ ತಿಳಿದುಕೊಂಡದ್ದು ಇಲ್ಲಿದೆ. ಕಾನೂನು ಬದಲಾಗುತ್ತಲೇ ಇರುತ್ತದೆ. ಅದಕ್ಕೇ ಅಲ್ಲಲ್ಲಿ ವರ್ಷ ಹಾಕಿದ್ದೇನೆ. ಹೊರಡುವ ಮುಂಚೆ ಆ ವರ್ಷದ ನಿಯಮ ಮತ್ತೊಮ್ಮೆ ನೋಡಿಕೊಳ್ಳಿ.

ವೀಸಾಕ್ಕೂ ಆಸ್ಪತ್ರೆಗೂ ಏನು ಸಂಬಂಧ?

ಇಲ್ಲಿ ಮುಂಬೈಯಲ್ಲಿ ಸಯಾನ್, ಕೆಇಎಂನಂಥ ಪಾಲಿಕೆ ಆಸ್ಪತ್ರೆಗೆ ಹೋದರೆ ಕೇಸ್ ಪೇಪರ್ ಮಾಡಿಸಿ ಸಾಲಿನಲ್ಲಿ ನಿಲ್ಲುತ್ತೇವೆ. ಬಡವರಿಗೂ ಒಂದು ಬಾಗಿಲು ಇದ್ದೇ ಇದೆ. ಅಮೆರಿಕದಲ್ಲಿ ಇನ್ಶೂರೆನ್ಸ್ ಇದ್ದರೇ ಬಾಗಿಲು ಸಲೀಸಾಗಿ ತೆರೆಯುವುದು. ಯಾರಿಗೆ ಯಾವ ಇನ್ಶೂರೆನ್ಸ್ ಸಿಗಬೇಕು ಅನ್ನುವುದನ್ನು ವಲಸೆ ಕಾನೂನು ತೀರ್ಮಾನಿಸುತ್ತದೆ. ಒಂದೇ ಮನೆಯಲ್ಲಿ ಮಗ ಎಚ್-1ಬಿ (ಕೆಲಸದ ವೀಸಾ), ಸೊಸೆ ಎಚ್-4 (ಅವನ ಹೆಂಡತಿಯಾಗಿ ಸಿಗುವ ವೀಸಾ), ಮೊಮ್ಮಗಳು ಅಲ್ಲೇ ಹುಟ್ಟಿದ ಅಮೆರಿಕನ್ ಪ್ರಜೆ, ಅಜ್ಜಿ ಬಿ-2 (ವಿಸಿಟರ್ ವೀಸಾ) ಮೇಲೆ ಬಂದವಳು. ನಾಲ್ವರಿಗೂ ಒಂದೇ ದಿನ ಜ್ವರ ಬಂದರೂ ನಾಲ್ವರ ಲೆಕ್ಕ ಬೇರೆ ಬೇರೆ. ಇದೊಂದು ತಲೆಯಲ್ಲಿ ಕೂತರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಬಾಣಂತನಕ್ಕೆ ಆರು ತಿಂಗಳು ಹೋಗುತ್ತಿದ್ದೇವೆ. ಅಳಿಯನ ಕಂಪನಿ ಇನ್ಶೂರೆನ್ಸ್‌ಗೆ ನಮ್ಮ ಹೆಸರು ಸೇರಿಸಬಹುದಾ?

ಆಗುವುದಿಲ್ಲ ಎಂದೇ ತಿಳಿಯಿರಿ. ಅಲ್ಲಿನ ಕಂಪನಿ ಇನ್ಶೂರೆನ್ಸ್ ಸಾಮಾನ್ಯವಾಗಿ ಗಂಡ, ಹೆಂಡತಿ ಮತ್ತು 26 ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಇಲ್ಲಿನ ಹಾಗೆ ಅಪ್ಪ-ಅಮ್ಮನನ್ನೂ ಸೇರಿಸುವ ಪದ್ಧತಿ ಅಲ್ಲಿ ಇಲ್ಲ ಅನ್ನಬಹುದು.

ನೀವು ವಿಸಿಟರ್ ಇನ್ಶೂರೆನ್ಸ್ ತೆಗೆದುಕೊಳ್ಳಬೇಕು. ಇದರಲ್ಲಿ ಎರಡು ಬಗೆ. ಒಂದರಲ್ಲಿ ಪ್ರತಿ ಚಿಕಿತ್ಸೆಗೂ ಇಷ್ಟೇ ಡಾಲರ್ ಎಂದು ಮೊದಲೇ ಕಟ್ಟಿಹಾಕಿರುತ್ತಾರೆ. ಪ್ರೀಮಿಯಂ ಕಡಿಮೆ, ಆದರೆ ದೊಡ್ಡ ಬಿಲ್ ಬಂದಾಗ ಅದು ಯಾವ ಮೂಲೆಗೂ ಸಾಲುವುದಿಲ್ಲ. ಇನ್ನೊಂದರಲ್ಲಿ ನಿಮ್ಮ ಪಾಲು ಕಳೆದು ಉಳಿದದ್ದರಲ್ಲಿ ದೊಡ್ಡ ಭಾಗವನ್ನು ಒಟ್ಟು ಮಿತಿಯವರೆಗೆ ಅವರು ಕೊಡುತ್ತಾರೆ. ಎರಡನೆಯದನ್ನೇ ತೆಗೆದುಕೊಳ್ಳಿ. ಬೇಕಾದರೆ ಸೂಟ್‌ಕೇಸು ಹಳೆಯದೇ ಇರಲಿ, ಇದರಲ್ಲಿ ಉಳಿತಾಯ ನೋಡಬೇಡಿ.

ಇನ್ನೊಂದು ಮುಖ್ಯ ಮಾತು, ಹಳೇ ಕಾಯಿಲೆ. ಬಿಪಿ, ಸಕ್ಕರೆ, ಹೃದಯದ ತೊಂದರೆ ಮೊದಲೇ ಇದ್ದರೆ ಅದರ ಚಿಕಿತ್ಸೆಗೆ ಈ ಇನ್ಶೂರೆನ್ಸ್ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಹಳೇ ಕಾಯಿಲೆ ದಿಢೀರನೆ ಉಲ್ಬಣಿಸಿದರೆ ಕೊಡುತ್ತೇವೆ ಎಂದು ಕೆಲವು ಪಾಲಿಸಿಗಳಲ್ಲಿ ಬರೆದಿರುತ್ತದೆ. ಅದಕ್ಕೂ ವಯಸ್ಸಿನ ಮಿತಿ ಇರುತ್ತದೆ. ಎಷ್ಟೋ ಪಾಲಿಸಿಗಳಲ್ಲಿ, ತೊಂದರೆ ಶುರುವಾದ 24 ಗಂಟೆಯೊಳಗೆ ಆಸ್ಪತ್ರೆಗೆ ಹೋಗಿರಬೇಕು ಎಂಬ ಷರತ್ತೂ ಇರುತ್ತದೆ. ಆ ಸಾಲನ್ನು ಹುಡುಕಿ ಓದಿ. ಓದಲು ಬರದಿದ್ದರೆ ಮಗಳಿಂದ ಫೋನಿನಲ್ಲೇ ಓದಿಸಿ ಕೇಳಿ.

ಮಗುವಿಗೆ ಇನ್ಶೂರೆನ್ಸ್ ತಾನಾಗಿಯೇ ಬರುತ್ತದಾ?

ಇಲ್ಲ. ಕಂಪನಿ ಇನ್ಶೂರೆನ್ಸ್ ಇದ್ದರೆ ಹುಟ್ಟಿದ 30 ದಿನದೊಳಗೆ ಮಗುವಿನ ಹೆಸರು ಸೇರಿಸಲು ಹೇಳಬೇಕು. ಬಾಣಂತಿ, ಹಸುಗೂಸು, ನಿದ್ದೆಗೆಟ್ಟ ಅಪ್ಪ, ಈ ಗಲಾಟೆಯಲ್ಲಿ ಮರೆತುಹೋಗುವುದು ಸಹಜ. ನಾಮಕರಣದ ದಿನ ನೋಡುವಾಗಲೇ ಇದನ್ನೂ ನೆನಪಿಸಿ. ಅಜ್ಜಿ ಮಾಡಬಹುದಾದ ದೊಡ್ಡ ಉಪಕಾರ ಇದು.

ಇನ್ಶೂರೆನ್ಸ್ ಇಲ್ಲದವರಿಗೆ ಎದೆನೋವು ಬಂದರೆ ಎಮರ್ಜೆನ್ಸಿಯಲ್ಲಿ ನೋಡುತ್ತಾರಾ?

ನೋಡಲೇಬೇಕು. 1986ರಲ್ಲಿ ಬಂದ ಕಾನೂನಿನ ಪ್ರಕಾರ, ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗೆ ಅಲ್ಲಿನ ಸರ್ಕಾರ ನಡೆಸುವ ಇನ್ಶೂರೆನ್ಸ್) ಹಣ ಪಡೆಯುವ ಆಸ್ಪತ್ರೆಯ ಎಮರ್ಜೆನ್ಸಿಗೆ ಯಾರೇ ಬಂದರೂ ಪರೀಕ್ಷೆ ಮಾಡಬೇಕು, ಜೀವಕ್ಕೆ ಅಪಾಯವಿದ್ದರೆ ಸ್ಥಿತಿ ಹತೋಟಿಗೆ ಬರುವ ತನಕ ಚಿಕಿತ್ಸೆ ಕೊಡಬೇಕು. ಅಲ್ಲಿನ ಹೆಚ್ಚುಕಡಿಮೆ ಎಲ್ಲ ಆಸ್ಪತ್ರೆಗಳೂ ಈ ಲೆಕ್ಕಕ್ಕೆ ಬರುತ್ತವೆ. ವೀಸಾ ಯಾವುದು, ದುಡ್ಡು ಇದೆಯೋ ಇಲ್ಲವೋ ಎಂಬ ಕಾರಣಕ್ಕೆ ವಾಪಸ್ ಕಳಿಸುವಂತಿಲ್ಲ. ಬಿಲ್ ಆಮೇಲೆ ಬರುತ್ತದೆ, ಅದು ಬೇರೆ ಮಾತು.

ನಮ್ಮವರಿಗೆ ಆದದ್ದು ಹೀಗೆ. ನ್ಯೂಜೆರ್ಸಿಯಲ್ಲಿ ಮಗಳ ಮನೆ. ರಾತ್ರಿ ಎರಡು ಗಂಟೆ. ಎಚ್ಚರವಾಗಿ ನೋಡಿದರೆ ಇವರು ಮಂಚದ ಅಂಚಿನಲ್ಲಿ ಕೂತಿದ್ದರು. ಬಲಗೈ ಎದೆಯ ಮೇಲಿತ್ತು. ಬನಿಯನ್ ಬೆನ್ನಿಗೆ ಅಂಟಿಕೊಂಡಿತ್ತು, ಹೊರಗೆ ಹಿಮ ಬಿದ್ದಿತ್ತು. "ಮಗಳನ್ನು ಎಬ್ಬಿಸಲಾ?" ಅಂದೆ. "ಬ್ಯಾಡ, ಒಂದ್ ರಾತ್ರಿ ಆಸ್ಪತ್ರೆ ಅಂದ್ರ ಅವರ ಸಂಸಾರ ಮುಳುಗ್ತೈತಿ. ಬೆಳಗಾಗ್ಲಿ" ಅಂದರು. ನಾನೂ ಸುಮ್ಮನೆ ಕೂತೆ. ನಾಲ್ಕು ಗಂಟೆ. ಅಡುಗೆಮನೆಯಿಂದ ಫ್ರಿಜ್ ಶಬ್ದ ಬರುತ್ತಿತ್ತು, ಅದು ನಿಂತಾಗ ಇವರ ಉಸಿರು ಕೇಳುತ್ತಿತ್ತು. ಆರು ಗಂಟೆಗೆ ಮಗಳು ಹಾಲು ಕಾಸಲು ಎದ್ದವಳು ಅಪ್ಪನ ಮುಖ ನೋಡಿದಳು, ಒಂದು ಮಾತೂ ಆಡದೆ ಅಲ್ಲಿನ ಎಮರ್ಜೆನ್ಸಿ ನಂಬರ್ 911ಕ್ಕೆ ಫೋನ್ ಮಾಡಿದಳು. ರಕ್ತನಾಳ ಮುಚ್ಚಿತ್ತು, ಅವತ್ತೇ ಸ್ಟೆಂಟ್ ಹಾಕಿದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದಾಗ ನಾನು ಮಗಳ ಮುಖ ನೋಡಲಿಲ್ಲ.

ಎದೆನೋವು, ಮಾತು ತೊದಲುವುದು, ಒಂದು ಕಡೆ ಬಲ ಹೋಗುವುದು, ಉಸಿರು ಕಟ್ಟುವುದು. ಇವುಗಳಲ್ಲಿ ಒಂದು ಆದರೂ ಲೆಕ್ಕ ಹಾಕುತ್ತಾ ಕೂರಬೇಡಿ. ಮಕ್ಕಳನ್ನು ಎಬ್ಬಿಸಿ.

ಬಿಲ್ ನೋಡಿ ತಲೆ ತಿರುಗಿತು. ಮುಂದೇನು?

ಮೊದಲ ಬಿಲ್ಲೇ ಕೊನೆಯ ಮಾತಲ್ಲ. ಐಟಂ ಐಟಂ ಬಿಡಿಸಿ ಬರೆದ ಬಿಲ್ ಕೇಳಿ. ಲಾಭಕ್ಕಾಗಿ ನಡೆಸದ ಆಸ್ಪತ್ರೆಗಳು ಅಲ್ಲಿ ಬಹಳ ಇವೆ. ಟ್ಯಾಕ್ಸ್ ವಿನಾಯಿತಿ ಪಡೆಯುವ ಅಂಥ ಆಸ್ಪತ್ರೆಗಳು ಹಣವಿಲ್ಲದವರಿಗೆ ನೆರವು ಕೊಡುವ ಲಿಖಿತ ನಿಯಮ ಇಟ್ಟುಕೊಂಡಿರಲೇಬೇಕು. ಬಿಲ್ಲಿಂಗ್ ಆಫೀಸಿಗೆ ಹೋಗಿ 'ಫೈನಾನ್ಷಿಯಲ್ ಅಸಿಸ್ಟೆನ್ಸ್' ಫಾರಂ ಕೊಡಿ ಎಂದು ಕೇಳಿ, ಅದು ಭಿಕ್ಷೆಯಲ್ಲ. ವಿಸಿಟರ್‌ಗಳಿಗೂ ಕೊಡುತ್ತಾರಾ ಅನ್ನುವುದು ಆಯಾ ಆಸ್ಪತ್ರೆಯ ನಿಯಮ. ಕಂತಿನಲ್ಲಿ ಕಟ್ಟುತ್ತೇವೆ ಎಂದೂ ಮಾತಾಡಬಹುದು.

ನಮ್ಮ ವಿಸಿಟರ್ ಇನ್ಶೂರೆನ್ಸ್‌ನವರು ಇವರಿಗೆ ಬಿಪಿ ಮೊದಲೇ ಇತ್ತು ಎಂದು ತಕರಾರು ತೆಗೆದರು. ಡೊಂಬಿವಲಿಯ ಡಾಕ್ಟರ ಹಳೇ ಚೀಟಿಗಳನ್ನು ಅಕ್ಕಪಕ್ಕದವರಿಂದ ಹುಡುಕಿಸಿ ತರಿಸಿ, ಐದು ತಿಂಗಳು ಅಲೆದಾಡಿಸಿಕೊಂಡ ಮೇಲೆ ಒಂದು ಪಾಲು ಸಿಕ್ಕಿತು. ಹೊರಡುವ ಮುಂಚೆ ಎಲ್ಲ ರಿಪೋರ್ಟುಗಳ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೇ. ಕಟ್ಟಿದ ಬಿಲ್ಲಿನ ರಸೀದಿಯನ್ನೂ ಬಿಸಾಡಬೇಡಿ. ಮುಂದಿನ ವೀಸಾ ಹೊತ್ತಿಗೆ ಕೈಯಲ್ಲಿದ್ದರೆ ಒಳ್ಳೆಯದು.

ಗ್ರೀನ್ ಕಾರ್ಡ್ ಸಿಕ್ಕಿದೆ, ನನಗೆ 68. ಮೆಡಿಕೇರ್ ಕೂಡಲೇ ಸಿಗುತ್ತದಲ್ವಾ?

ಹೆಚ್ಚು ಜನ ಮೋಸ ಹೋಗುವುದು ಇಲ್ಲೇ. 65 ಆದವರಿಗೆ ಮೆಡಿಕೇರ್ ಎಂಬುದು ಅರ್ಧ ಮಾತು. ಅಲ್ಲಿ ದುಡಿದ ಲೆಕ್ಕ ಇಲ್ಲದವರು ಗ್ರೀನ್ ಕಾರ್ಡ್ ಮೇಲೆ ಐದು ವರ್ಷ ಸತತವಾಗಿ ಅಲ್ಲಿ ವಾಸವಿರಬೇಕು. ಆಮೇಲೂ ಅದು ಪುಕ್ಕಟೆ ಅಲ್ಲ. ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಎ ಭಾಗ ಪ್ರೀಮಿಯಂ ಇಲ್ಲದೆ ಸಿಗಬೇಕಾದರೆ ನೀವು ಅಥವಾ ನಿಮ್ಮ ಸಂಗಾತಿ ಅಲ್ಲಿ 40 ಕ್ವಾರ್ಟರ್, ಅಂದರೆ ಸುಮಾರು ಹತ್ತು ವರ್ಷ, ದುಡಿದು ಟ್ಯಾಕ್ಸ್ ಕಟ್ಟಿರಬೇಕು. ಮಗ ದುಡಿದದ್ದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಮೂವತ್ತೈದು ವರ್ಷ ಲೋಕಲ್ ಹಿಡಿದು ದುಡಿದು ಪಿಎಫ್ ಕಟ್ಟಿದ್ದೂ ಬರುವುದಿಲ್ಲ. ಎರಡು ದೇಶಗಳ ನಡುವೆ ಆ ಒಪ್ಪಂದವೇ ಇಲ್ಲ.

ದುಡಿದ ಲೆಕ್ಕ ಇಲ್ಲದವರಿಗೆ 2025ರಲ್ಲಿ ಎ ಭಾಗದ ಪೂರ್ತಿ ಪ್ರೀಮಿಯಂ ತಿಂಗಳಿಗೆ 518 ಡಾಲರ್, ಡಾಕ್ಟರ್ ಖರ್ಚಿನ ಬಿ ಭಾಗಕ್ಕೆ 185 ಡಾಲರ್ ಇತ್ತು. ಸೇರಿಸಿದರೆ ಒಬ್ಬರಿಗೆ 703. ಇಬ್ಬರಿಗೆ ಎಷ್ಟು ಅಂತ ಕೂತು ಲೆಕ್ಕ ಹಾಕಿ. ಐದು ವರ್ಷ ತುಂಬುವ ತಿಂಗಳ ಹಿಂದೆ ಮೂರು, ಮುಂದೆ ಮೂರು ತಿಂಗಳು ಹೆಸರು ಬರೆಸುವ ಕಾಲ. ಅದನ್ನು ತಪ್ಪಿಸಿಕೊಂಡರೆ ಬಿ ಭಾಗಕ್ಕೆ ದಂಡ ಕೂಡುತ್ತದೆ, ಅದು ಪ್ರತಿ ತಿಂಗಳೂ ಬೆನ್ನು ಹತ್ತುತ್ತದೆ.

ಹಾಗಾದರೆ ಐದು ವರ್ಷ ಏನು ಮಾಡುವುದು?

ಬಡವರಿಗೆ ಸರ್ಕಾರ ಕೊಡುವ ಮೆಡಿಕೇಡ್‌ಗೂ ಐದು ವರ್ಷದ ತಡೆ ಇದೆ. 1996ರ ಕಾನೂನು ಅದನ್ನು ತಂದಿತು. ಕೆಲವು ರಾಜ್ಯಗಳು ಸ್ವಂತ ಹಣದಿಂದ ಇನ್ನೂ ಜಾಸ್ತಿ ಜನರನ್ನು ಸೇರಿಸಿಕೊಂಡಿವೆ. ಹಾಗಾಗಿ ಮಗ ಯಾವ ರಾಜ್ಯದಲ್ಲಿದ್ದಾನೆ ಅನ್ನುವುದೂ ಮುಖ್ಯ.

ಬಹುತೇಕರಿಗೆ ಉಳಿಯುವ ದಾರಿ ಮಾರ್ಕೆಟ್‌ಪ್ಲೇಸ್ ಇನ್ಶೂರೆನ್ಸ್, ಅಂದರೆ ಸರ್ಕಾರದ ವೆಬ್‌ಸೈಟಿನ ಮೂಲಕ ನಾವೇ ಕೊಳ್ಳುವ ಇನ್ಶೂರೆನ್ಸ್. ಜನ 'ಒಬಾಮಾಕೇರ್' ಅನ್ನುತ್ತಾರಲ್ಲ, ಅದು. ಹಳೇ ಕಾಯಿಲೆ ಇದೆ ಎಂದು ಅವರು ಬೇಡ ಅನ್ನುವಂತಿಲ್ಲ. ಸಕ್ಕರೆ ಕಾಯಿಲೆ ಇರುವ ನಮ್ಮಂಥವರಿಗೆ ಇದು ದೊಡ್ಡ ಆಸರೆ. ಅಮೆರಿಕಕ್ಕೆ ಹೋಗಿ ನೆಲೆ ನಿಂತ 60 ದಿನದೊಳಗೆ ಹೆಸರು ಬರೆಸಿ. ಬಿಟ್ಟರೆ ವರ್ಷದ ಕೊನೆಯವರೆಗೆ ಕಾಯಬೇಕಾಗಬಹುದು. ಬರೆಸಿದರೂ ಸಾಮಾನ್ಯವಾಗಿ ಮುಂದಿನ ತಿಂಗಳ ಒಂದನೇ ತಾರೀಖಿನಿಂದಲೇ ಶುರು. ನಡುವಿನ ದಿನಗಳಿಗೆ ಟ್ರಾವೆಲ್ ಇನ್ಶೂರೆನ್ಸ್ ಇಟ್ಟುಕೊಳ್ಳಿ.

ಆದರೆ 2025ರ ಜುಲೈ 4ರಂದು ಸಹಿಯಾದ ಕಾನೂನು ಕೆಲವನ್ನು ಬಿಗಿ ಮಾಡಿದೆ. ಮೊದಲು, ಐದು ವರ್ಷದ ತಡೆಯಿಂದ ಮೆಡಿಕೇಡ್ ಸಿಗದ ಬಡ ವಲಸಿಗರಿಗೆ ಆದಾಯ ಬಡತನ ರೇಖೆಗಿಂತ ಕೆಳಗಿದ್ದರೂ ಪ್ರೀಮಿಯಂನಲ್ಲಿ ರಿಯಾಯಿತಿ ಸಿಗುತ್ತಿತ್ತು. 2026ರ ಜನವರಿಯಿಂದ ಅದನ್ನು ತೆಗೆದುಹಾಕಿದರು. ಈ ಏಟು ಬೀಳುವುದು ಸ್ವಂತ ಆದಾಯವಿಲ್ಲದ ವಯಸ್ಸಾದ ಅಪ್ಪ-ಅಮ್ಮನಿಗೇ. 2027ರ ಜನವರಿಯಿಂದ ಎಚ್-1ಬಿಯವರಿಗೂ ವಿದ್ಯಾರ್ಥಿಗಳಿಗೂ ರಿಯಾಯಿತಿ ಇಲ್ಲ. ಗ್ರೀನ್ ಕಾರ್ಡಿನವರಿಗೆ ಉಳಿಯುತ್ತದೆ. ಮಗ ತನ್ನ ಟ್ಯಾಕ್ಸ್‌ನಲ್ಲಿ ನಿಮ್ಮನ್ನು ಅವಲಂಬಿತರೆಂದು ತೋರಿಸಿದರೆ ಅವನ ಆದಾಯವೇ ಲೆಕ್ಕಕ್ಕೆ ಬರುತ್ತದೆ. ಇದನ್ನು ಸಂದರ್ಶನಕ್ಕಿಂತ ಮೊದಲೇ, ಅಪ್ಪ-ಮಗ ಮುಖಾಮುಖಿ ಕೂತು ಮಾತಾಡಬೇಕು. ನಾಚಿಕೆ ಬೇಡ.

ನನಗೆ ಸಕ್ಕರೆ ಕಾಯಿಲೆ ಇದೆ. ವೀಸಾಕ್ಕಾಗಿ ಮುಂಬೈಯಲ್ಲಿ ಮಾಡುವ ಮೆಡಿಕಲ್ ಪರೀಕ್ಷೆಯಲ್ಲಿ ಫೇಲ್ ಮಾಡುತ್ತಾರಾ?

ಆ ಪರೀಕ್ಷೆ ಹುಡುಕುವುದು ಮುಖ್ಯವಾಗಿ ಹರಡುವ ಕಾಯಿಲೆಗಳನ್ನು, ಅದರಲ್ಲೂ ಕ್ಷಯವನ್ನು. ಲಸಿಕೆಗಳ ಲೆಕ್ಕವನ್ನೂ ನೋಡುತ್ತಾರೆ. ಎಚ್‌ಐವಿಯನ್ನು 2010ರಲ್ಲೇ ಆ ಪಟ್ಟಿಯಿಂದ ತೆಗೆದಿದ್ದಾರೆ. ಸಕ್ಕರೆ, ಬಿಪಿ ಆ ಪಟ್ಟಿಯಲ್ಲಿ ಇಲ್ಲ. ಆದರೆ 2025ರ ನವೆಂಬರ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ಅಧಿಕಾರಿಗಳಿಗೆ ಕಳಿಸಿದ ಸೂಚನೆ ಬೆಳಕಿಗೆ ಬಂತು. ದೀರ್ಘಕಾಲದ ಕಾಯಿಲೆ ಇರುವವರು ತಮ್ಮ ಚಿಕಿತ್ಸೆಯ ಖರ್ಚನ್ನು ಸರ್ಕಾರದ ಮೇಲೆ ಹಾಕದೆ ತಾವೇ ಭರಿಸಬಲ್ಲರಾ ಎಂದು ನೋಡಿ ಎಂಬುದು ಅದರ ತಿರುಳು. ಹಾಗಾಗಿ ಕಾಯಿಲೆ ಮುಚ್ಚಿಡಬೇಡಿ. ಸಕ್ಕರೆ ಹತೋಟಿಯಲ್ಲಿದೆ ಎನ್ನುವ ರಿಪೋರ್ಟು, ಇನ್ಶೂರೆನ್ಸ್ ಏನು ಮಾಡುತ್ತೇವೆ ಎನ್ನುವ ಕಾಗದ, ಮಗನ ಆದಾಯದ ದಾಖಲೆ ಒಟ್ಟಿಗೆ ಇಟ್ಟುಕೊಳ್ಳಿ.

ಹಳೇ ಕ್ಷಯದ ಕಲೆ ಎಕ್ಸ್‌ರೇಯಲ್ಲಿ ಕಂಡರೆ ಮಾತ್ರ ತಾಳ್ಮೆ ಬೇಕು. ಮೂರು ದಿನ ಕಫ ಕೊಡಬೇಕು, ಕಲ್ಚರ್ ರಿಪೋರ್ಟಿಗೆ ಎಂಟು ವಾರ ಹಿಡಿಯಬಹುದು. ಗದಗದಿಂದ ಬಂದ ಒಬ್ಬರು ಹಿರಿಯರು ನಮ್ಮ ಮನೆಯಿಂದಲೇ ಮೂರು ದಿನ ಬೆಳಗಿನ ಐದರ ಲೋಕಲ್ ಹಿಡಿದು ಹೋಗಿ ಕಫ ಕೊಟ್ಟು ಬಂದರು. ನಲವತ್ತು ವರ್ಷದ ಹಿಂದಿನ ಕಾಯಿಲೆ, ಹೆಂಡತಿಗೂ ಹೇಳಿರಲಿಲ್ಲವಂತೆ. ರಿಪೋರ್ಟು ಚೆನ್ನಾಗಿಯೇ ಬಂತು. ಆದರೆ ವಾಪಸ್ಸಿನ ರೈಲು ಟಿಕೆಟ್ಟೂ ಅಮೆರಿಕದ ಟಿಕೆಟ್ಟೂ ಎರಡೂ ಹೋದವು. ವೀಸಾ ಕೈಗೆ ಬರುವ ತನಕ ವಿಮಾನದ ಟಿಕೆಟ್ ಮಾಡಿಸಬೇಡಿ.

'ಪಬ್ಲಿಕ್ ಚಾರ್ಜ್' ಅಂದರೆ ಏನು? ಸರ್ಕಾರಿ ಕ್ಲಿನಿಕ್ಕಿಗೆ ಹೋದರೆ ಗ್ರೀನ್ ಕಾರ್ಡ್ ತಪ್ಪುತ್ತದಾ?

ಮುಂದೆ ಸರ್ಕಾರಕ್ಕೆ ಹೊರೆಯಾಗುವವರು ಎಂದು ಅನ್ನಿಸಿದರೆ ವೀಸಾ ಅಥವಾ ಗ್ರೀನ್ ಕಾರ್ಡ್ ನಿರಾಕರಿಸಬಹುದು ಎನ್ನುವ ಹಳೆಯ ನಿಯಮ ಅದು. ಯಾವ ನೆರವನ್ನು ಹೊರೆ ಅನ್ನಬೇಕು ಎಂಬುದರಲ್ಲಿ ಜಗ್ಗಾಟ ನಡೆದೇ ಇದೆ. 2020ರ ಫೆಬ್ರವರಿಯಲ್ಲಿ ಜಾರಿಗೆ ಬಂದ ನಿಯಮ ಮೆಡಿಕೇಡ್ ಪಡೆದದ್ದನ್ನೂ ಲೆಕ್ಕಕ್ಕೆ ಹಿಡಿಯಿತು. 2021ರ ಮಾರ್ಚ್‌ನಲ್ಲಿ ಅದು ಬಿದ್ದುಹೋಯಿತು. 2022ರ ಡಿಸೆಂಬರ್‌ನಿಂದ ಬಂದ ನಿಯಮದಲ್ಲಿ ಸರ್ಕಾರದ ನಗದು ನೆರವು ಮತ್ತು ಸರ್ಕಾರಿ ಖರ್ಚಿನಲ್ಲಿ ದೀರ್ಘಕಾಲ ನರ್ಸಿಂಗ್ ಹೋಮಿನಂಥ ಕಡೆ ಇರುವುದು ಮಾತ್ರ ಲೆಕ್ಕ. 2025ರ ನವೆಂಬರ್‌ನಲ್ಲಿ ಅದನ್ನೂ ತೆಗೆದುಹಾಕುವ ಪ್ರಸ್ತಾಪ ಬಂತು.

ನನ್ನ ಸಂಕಟ ಬೇರೆ. ನಿಯಮ ಯಾರಿಗೆ ತಟ್ಟಬೇಕೋ ಅವರಿಗಿಂತ ಜಾಸ್ತಿ, ತಟ್ಟದವರು ಹೆದರುತ್ತಾರೆ. ಅಮೆರಿಕನ್ ಪ್ರಜೆಯಾದ ಮಗುವಿಗೆ ಹಕ್ಕಾಗಿ ಸಿಗಬೇಕಾದ ಔಷಧವನ್ನು ಅಪ್ಪನ ಗ್ರೀನ್ ಕಾರ್ಡ್ ಚಿಂತೆಯಿಂದ ಬಿಟ್ಟುಬಿಡುತ್ತಾರೆ. ವಾಟ್ಸಾಪ್‌ನಲ್ಲಿ ಬಂದ ಒಂದು ಫಾರ್ವರ್ಡ್ ನೋಡಿ ಹಾಗೆ ಮಾಡಬೇಡಿ. ಅಲ್ಲಿನ ವಲಸೆ ವಕೀಲರನ್ನು ಒಮ್ಮೆ ಕೇಳಿ. ಕಡಿಮೆ ಆದಾಯದವರಿಗೆ ಆದಾಯ ನೋಡಿ ಫೀಸು ತೆಗೆದುಕೊಳ್ಳುವ ಸಮುದಾಯ ಆರೋಗ್ಯ ಕೇಂದ್ರಗಳು ಅಲ್ಲಿ ಊರೂರಲ್ಲಿವೆ. ಸರ್ಕಾರದ ಅನುದಾನ ಪಡೆಯುವ ಆ ಕೇಂದ್ರಗಳು ಹಣವಿಲ್ಲ ಎಂದು ವಾಪಸ್ ಕಳಿಸುವುದಿಲ್ಲ.

ಮೆಡಿಕೇಡ್‌ಗೆ ಮಕ್ಕಳೂ ಬಸುರಿಯರೂ ಐದು ವರ್ಷ ಕಾಯಬೇಕಾ?

ಎಲ್ಲ ಕಡೆ ಅಲ್ಲ. 2009ರ ಕಾನೂನಿನಿಂದ, ಕಾನೂನುಬದ್ಧವಾಗಿ ಅಲ್ಲಿರುವ ಮಕ್ಕಳನ್ನೂ ಬಸುರಿಯರನ್ನೂ ಕಾಯಿಸದೆ ಸೇರಿಸಿಕೊಳ್ಳುವ ಅವಕಾಶ ರಾಜ್ಯಗಳಿಗೆ ಸಿಕ್ಕಿತು. ಬಹಳಷ್ಟು ರಾಜ್ಯಗಳು ಅದನ್ನು ಬಳಸಿಕೊಂಡಿವೆ. ಆದಾಯದ ಮಿತಿ ಇದ್ದೇ ಇರುತ್ತದೆ.

ಮಗನ ಕೆಲಸ ಹೋಗಿದೆ. ಇನ್ಶೂರೆನ್ಸೂ ಹೋಯಿತಾ?

ಎಚ್-1ಬಿಯವರಿಗೆ ಕೆಲಸ ಹೋದರೆ ಹೊಸ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ. ಇನ್ಶೂರೆನ್ಸ್ ಕೆಲಸದ ಕೊನೆಯ ದಿನಕ್ಕೋ ಆ ತಿಂಗಳ ಕೊನೆಗೋ ನಿಲ್ಲುತ್ತದೆ. ಆದರೆ 20 ಅಥವಾ ಜಾಸ್ತಿ ನೌಕರರಿರುವ ಕಂಪನಿಯಾದರೆ 'ಕೋಬ್ರಾ' ಎನ್ನುವ ಕಾನೂನಿನಡಿ ಅದೇ ಇನ್ಶೂರೆನ್ಸನ್ನು 18 ತಿಂಗಳವರೆಗೆ ಮುಂದುವರಿಸಬಹುದು. ಕಂಪನಿಯ ಪಾಲನ್ನೂ ನಾವೇ ಕಟ್ಟಬೇಕು, ಮೇಲೆ ಶೇಕಡಾ 2 ಖರ್ಚು. ದುಬಾರಿಯೇ. ಆದರೆ ಒಂದು ಅನುಕೂಲ ಇದೆ. ಬೇಕೋ ಬೇಡವೋ ಎಂದು ಹೇಳಲು 60 ದಿನ ಕೊಡುತ್ತಾರೆ. ಆ ದಿನಗಳಲ್ಲಿ ಏನಾದರೂ ಆದರೆ ಹಿಂದಿನಿಂದಲೇ ಅನ್ವಯವಾಗುವಂತೆ ಪ್ರೀಮಿಯಂ ಕಟ್ಟಬಹುದು. ಮನೆಯಲ್ಲಿ ಬಸುರಿಯೋ ಹಸುಗೂಸೋ ಇದ್ದರೆ ಇದನ್ನು ಮರೆಯಲೇಬಾರದು. ಇಂಥ ಹೊತ್ತಲ್ಲಿ ಮಕ್ಕಳು ನಮಗೆ ಹೇಳುವುದಿಲ್ಲ. ಫೋನಿನಲ್ಲಿ ದನಿ ಸಪ್ಪೆಯಾಗಿದ್ದರೆ ನೀವೇ ಕೇಳಿ.

ನನಗೆ ಇಂಗ್ಲಿಷ್ ಬರುವುದಿಲ್ಲ. ಡಾಕ್ಟರ ಹತ್ತಿರ ಕನ್ನಡದಲ್ಲಿ ಮಾತಾಡಬಹುದಾ?

ಖಂಡಿತ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಪುಕ್ಕಟೆಯಾಗಿ ಕೊಡಬೇಕು ಎನ್ನುವುದು ಅಲ್ಲಿನ ಕಾನೂನು. 1964ರ ನಾಗರಿಕ ಹಕ್ಕುಗಳ ಕಾಯ್ದೆಯೇ ಅದಕ್ಕೆ ಬುನಾದಿ. ಹೆಚ್ಚಾಗಿ ಫೋನಿನಲ್ಲೋ ಟ್ಯಾಬ್‌ನಲ್ಲೋ ಮಾತಾಡಿಸುತ್ತಾರೆ. 'ಇಂಡಿಯನ್' ಎಂದು ಹೇಳಿದರೆ ಹಿಂದಿಯವರನ್ನು ತಂದುಬಿಡಬಹುದು. 'ಕನ್ನಡ' ಎಂದೇ ಹೇಳಿ. ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ.

ಅವತ್ತು ಆಸ್ಪತ್ರೆಯಲ್ಲಿ ಮಗಳೇ ಅಪ್ಪನ ಮಾತನ್ನು ಇಂಗ್ಲಿಷಿಗೆ ಹೇಳುತ್ತಿದ್ದಳು. ಇವರು "ಸಂಕಟ ಆಗ್ಲಿಕ್ಕತ್ತೈತಿ, ಎದಿ ಹಿಡ್ದಂಗ ಆಗೈತಿ" ಅಂದರು. ಅವಳು ಅಳುತ್ತಾ ಹೊಟ್ಟೆ ತೊಳೆಸುತ್ತಿದೆಯಂತೆ ಎಂದಷ್ಟೇ ಹೇಳಿದಳು. ಅವಳದೇನೂ ತಪ್ಪಿಲ್ಲ, ಮುಂಬೈಯಲ್ಲಿ ಬೆಳೆದವಳು, ಧಾರವಾಡದ ಮಾತು ಅರ್ಧ ಗೊತ್ತು. ನರ್ಸ್ ಅದನ್ನು ನೋಡಿ ಒಂದು ಫೋನನ್ನು ದಿಂಬಿನ ಪಕ್ಕ ಇಟ್ಟರು. "ನಮಸ್ಕಾರ, ನಾನು ಕನ್ನಡ ದುಭಾಷಿ. ನೋವು ಎಲ್ಲಿಂದ ಎಲ್ಲಿಗೆ ಹೋಗ್ತಿದೆ ಹೇಳ್ತೀರಾ?" ಎಂದು ಒಂದು ಹೆಂಗಸಿನ ದನಿ ಕೇಳಿತು. ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದ ಇವರ ಬೆರಳು ಸಡಿಲಾದವು. "ಎಡಗೈಗೂ ಬರ್ತೈತ್ರೀ, ದವಡಿಗೂ" ಅಂದರು. ಆ ಮಾತು ಅಲ್ಲಿಯವರೆಗೆ ನಮಗೂ ಹೇಳಿರಲಿಲ್ಲ.

ಇಲ್ಲಿನ ಇನ್ಶೂರೆನ್ಸ್ ನಿಲ್ಲಿಸಿಬಿಡಲಾ?

ನಿಲ್ಲಿಸಬೇಡಿ. ಒಮ್ಮೆ ಬಿಟ್ಟು ಮತ್ತೆ ಹೊಸದಾಗಿ ತೆಗೆದುಕೊಂಡರೆ ಹಳೇ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಮಂಡಿ ಆಪರೇಷನ್, ಕಣ್ಣಿನ ಪೊರೆ, ಹಲ್ಲು, ಇಂಥವನ್ನು ಹೊರಡುವ ಮುಂಚೆ ಇಲ್ಲೇ ಮುಗಿಸಿಕೊಳ್ಳುವವರೇ ಜಾಸ್ತಿ. ಗ್ರೀನ್ ಕಾರ್ಡಿನವರು ಚಿಕಿತ್ಸೆಗೆ ಅಂತ ಇಲ್ಲಿ ಬಂದು ಆರು ತಿಂಗಳಿಗಿಂತ ಜಾಸ್ತಿ ಕೂತರೆ ಅಲ್ಲಿನ ಸತತ ವಾಸದ ಬಗ್ಗೆ ಪ್ರಶ್ನೆ ಏಳಬಹುದು. ತಿಂಗಳ ಲೆಕ್ಕ ಬರೆದಿಟ್ಟುಕೊಳ್ಳಿ.

ಮಾತ್ರೆಗಳನ್ನು ಎಷ್ಟು ಒಯ್ಯಬಹುದು?

ಸಾಮಾನ್ಯವಾಗಿ 90 ದಿನಕ್ಕೆ ಆಗುವಷ್ಟು. ಸ್ಟ್ರಿಪ್ ಬಿಡಿಸಿ ಡಬ್ಬಿಗೆ ತುಂಬಬೇಡಿ. ಡಾಕ್ಟರ ಚೀಟಿಯಲ್ಲಿ ಕಂಪನಿಯ ಹೆಸರಲ್ಲದೆ ಔಷಧದ ಮೂಲ ಹೆಸರನ್ನೂ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಸಿ. ಮಾತ್ರೆ ಕೈಚೀಲದಲ್ಲಿರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಬೇಡ. ಚೀಟಿಯ ಒಂದು ಪ್ರತಿ ಮಗನ ಹತ್ತಿರ, ಇನ್ನೊಂದು ಇಲ್ಲಿ ಪಕ್ಕದ ಮನೆಯವರ ಹತ್ತಿರ ಇರಲಿ.